ದುಭಾಷಿ ಯಾರ ಕಡೆಯವ?

ಸುಗ್ಗಿಯ ಕಾಲದಲ್ಲಿ, ಸೋಮವಾರ ಇಲ್ಲವೇ ಗುರುವಾರ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು ಮೊದಲು ಸೀನುತ್ತಾರೆ, ಆಮೇಲೆ ಕೇಳಿಸಿಕೊಳ್ಳುತ್ತಾರೆ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ಅಷ್ಟು ಚೀಲ ಒಂದೇ ಕಡೆ ಒಟ್ಟಿದಾಗ ಸೀನು ತಪ್ಪುವುದಿಲ್ಲ. ಮೂಗು ಒಗ್ಗಿದ ಮೇಲೆ ಕಿವಿಗೆ ಬೀಳುವುದು ಒಂದು ಭಾಷೆಯಲ್ಲ. ಕರ್ನೂಲು, ಆದೋನಿ ಕಡೆಯಿಂದ ಲಾರಿಯಲ್ಲಿ ರಾತ್ರಿಯೆಲ್ಲ ಕೂತು ಬಂದ ರೈತನದು ತೆಲುಗು. ಬಳ್ಳಾರಿ, ರಾಯಚೂರಿನವರು ಎರಡನ್ನೂ ಬೆರೆಸುತ್ತಾರೆ. ಮಾಲು ನೋಡಲು ಬಂದ ಖರೀದಿದಾರನ ಮನೆಮಾತು ಮಾರವಾಡಿಯೋ ಗುಜರಾತಿಯೋ ತಮಿಳೋ. ಹಮಾಲರಲ್ಲಿ ಹಲವರದು ಹುಬ್ಬಳ್ಳಿ ಕಡೆಯ ಉರ್ದು. ಇವರೆಲ್ಲರ ನಡುವೆ ದಲಾಲಿ ಅಂಗಡಿಯ ಒಬ್ಬ ಗುಮಾಸ್ತ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ನಿಂತಿರುತ್ತಾನೆ.

ಖರೀದಿದಾರ ಒಂದು ಕಾಯಿ ಮುರಿದು ನೋಡಿ, ಮಾಲು ಹಸಿ ಇದೆ, ಬಣ್ಣವೂ ಇಳಿದಿದೆ ಎಂದು ಹಿಂದಿಯಲ್ಲಿ ಒರಟಾಗಿ ಅನ್ನುತ್ತಾನೆ. ಗುಮಾಸ್ತ ರೈತನ ಕಡೆ ತಿರುಗಿ, ಅಣ್ಣಾ, ಇನ್ನೆರಡು ದಿನ ಬಿಸಿಲಿಗೆ ಹಾಕಿದ್ದರೆ ಬಂಗಾರ ಆಗ್ತಿತ್ತು ಎಂಬಂಥದ್ದನ್ನು ತೆಲುಗಿನಲ್ಲಿ ಹೇಳುತ್ತಾನೆ. ಬಣ್ಣದ ಮಾತು ಅಲ್ಲೇ ಉಳಿಯಿತು. ಒರಟುತನವೂ ಉಳಿಯಿತು. ಬದಲಿಗೆ ಮೂಲದಲ್ಲಿಲ್ಲದ ಬಂಗಾರ ಬಂತು. ಇದನ್ನು ತಪ್ಪು ಭಾಷಾಂತರ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಬಹುದು. ಹಾಗೆ ಗುರುತು ಹಾಕುವವರಿಗೆ ಈ ಕೆಲಸ ಅರ್ಥವಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ದುಭಾಷಿಯ ಕೆಲಸದ ಮೇಲೆ ಕನ್ನಡದಲ್ಲಿ ಡಾಕ್ಟರೇಟ್ ಸಂಶೋಧನೆ ಮಾಡಬಹುದೇ, ಮಾಡುವುದಾದರೆ ಎಲ್ಲಿ, ಯಾವ ವಿಭಾಗದಲ್ಲಿ, ಯಾವ ಪ್ರಶ್ನೆ ಇಟ್ಟುಕೊಂಡು ಎಂದು ಕೇಳುವ ಹುಡುಗ ಹುಡುಗಿಯರು ಈಗ ಸಿಗುತ್ತಾರೆ. ಎಂ.ಎ. ಮುಗಿಸಿ ಅನುವಾದದ ಕಡೆ ಒಲವಿರುವವರು. ಅವರ ಕಣ್ಣಮುಂದೆ ಇರುವ ಚಿತ್ರವೆಂದರೆ ವಿಶ್ವಸಂಸ್ಥೆಯ ಗಾಜಿನ ಗೂಡು, ಕಿವಿಗೆ ಹೆಡ್‌ಫೋನ್. ಆ ಚಿತ್ರವನ್ನು ಬದಿಗಿಟ್ಟು ಹಾವೇರಿ ಜಿಲ್ಲೆಯ ಮೂರು ಊರುಗಳಲ್ಲಿ ನಿಂತು ನೋಡಿದರೆ ಈ ವಿಷಯ ಹೇಗೆ ಕಾಣುತ್ತದೆ ಎಂಬುದೇ ಈ ಲೇಖನ.

ಮೊದಲ ತೊಡಕು ಹೆಸರಿನದು. ಬರೆದದ್ದನ್ನು ಬರೆದು ತರುವುದಕ್ಕೆ ನಮ್ಮಲ್ಲಿ ಅನುವಾದ, ಭಾಷಾಂತರ, ತರ್ಜುಮೆ ಎಂದು ಮೂರು ಹೆಸರಿವೆ. ಆಡಿದ್ದನ್ನು ಆಡಿ ತೋರಿಸುವುದಕ್ಕೆ ಒಂದೂ ನೆಟ್ಟಗಿಲ್ಲ. ಆಶುಭಾಷಾಂತರ ಎಂದರೆ ಆಶುಕವಿತೆ ನೆನಪಾಗುತ್ತದೆ. ಮೌಖಿಕ ಅನುವಾದ ಎಂದರೆ ಮೌಖಿಕ ಪರೀಕ್ಷೆ. ವ್ಯಾಖ್ಯಾನ ಬೇರೆಯದೇ ಕೆಲಸ. ಅದರ ಉದಾಹರಣೆ ಬೇಕಿದ್ದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ನಡೆಯುವ ಕಾರಣಿಕೋತ್ಸವಕ್ಕೆ ಹೋಗಬೇಕು. ಗೊರವಯ್ಯ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಸಾಲು ನುಡಿದು ಬೀಳುತ್ತಾನೆ. ಮಳೆಯೋ ಬೆಳೆಯೋ ಸರಕಾರವೋ ಎಂದು ಆ ಸಾಲನ್ನು ಜನ ಇಡೀ ವರ್ಷ ಬಿಡಿಸುತ್ತ ಕೂರುತ್ತಾರೆ. ಅದು ವ್ಯಾಖ್ಯಾನ. ದುಭಾಷಿಗೆ ಅಷ್ಟು ಪುರುಸೊತ್ತಿಲ್ಲ. ಮುಂದಿನ ವಾಕ್ಯ ಬರುವುದರೊಳಗೆ ಅವನು ಹೇಳಿ ಮುಗಿಸಬೇಕು.

ಜನ ಮಾತ್ರ ಇದಕ್ಕೊಂದು ಹೆಸರಿಟ್ಟಿದ್ದಾರೆ: ‘ತಿಳಿಸಿ ಹೇಳುವುದು’. ‘ನಾ ಹೇಳಿದ್ದು ಅವರಿಗೆ ಸ್ವಲ್ಪ ತಿಳಿಸಿ ಹೇಳ್ರಿ’ ಎನ್ನುತ್ತಾರೆ. ಹೇಳುವುದು ಮಾತ್ರವಲ್ಲ, ತಿಳಿಸಬೇಕು. ತಿಳಿಯುವ ಹಾಗೆ ಕೂಡಿಸಬೇಕು, ಕಳೆಯಬೇಕು, ಸಿಟ್ಟನ್ನು ಸೋಸಬೇಕು. ಕೇಳಿದ್ದನ್ನು ಹಾಗೇ ದಾಟಿಸುವ ಕೊಳವೆಯೇ ದುಭಾಷಿ ಎಂಬ ಕಲ್ಪನೆ ಈ ಕ್ರಿಯಾಪದದಲ್ಲಿ ಇಲ್ಲವೇ ಇಲ್ಲ.

ಜಗತ್ತಿನ ಸಂಶೋಧನೆ ಇಲ್ಲಿಗೆ ತಲುಪಲು ಸಾಕಷ್ಟು ವರ್ಷ ಹಿಡಿಯಿತು. 1945ರಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಲ್ಕು ಭಾಷೆಗಳ ನಡುವೆ ಏಕಕಾಲದ ಭಾಷಾಂತರ ನಡೆದಾಗ ಒಬ್ಬ ಮನುಷ್ಯ ಕೇಳುತ್ತಲೇ ಮಾತಾಡಬಲ್ಲ ಎಂಬುದೇ ಸೋಜಿಗವಾಗಿತ್ತು. 1969ರಲ್ಲಿ ಬಂದ ಎರಡು ಪಿಎಚ್.ಡಿ. ಪ್ರಬಂಧಗಳು, ವಿಯೆನ್ನಾದಲ್ಲಿ ಇಂಗ್ರಿಡ್ ಪಿಂಟರ್ ಬರೆದದ್ದು ಮತ್ತು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಹೆನ್ರಿ ಬಾರಿಕ್ ಬರೆದದ್ದು, ಆ ಸೋಜಿಗವನ್ನೇ ಅಳೆಯಲು ಹೊರಟವು: ಎಷ್ಟು ತಡ, ಎಷ್ಟು ಬಿಟ್ಟುಹೋಯಿತು, ಅಭ್ಯಾಸದಿಂದ ಏನು ಸುಧಾರಿಸಿತು. ಪ್ಯಾರಿಸ್ಸಿನಲ್ಲಿ ಡಾನಿಕಾ ಸೆಲೆಸ್ಕೊವಿಚ್, ದುಭಾಷಿ ಪದಗಳನ್ನು ಬಿಟ್ಟು ಭಾವವನ್ನು ಹಿಡಿಯುತ್ತಾನೆ ಎಂದರು. ಡೇನಿಯಲ್ ಗಿಲ್, ಕೇಳುವ ಶ್ರಮ, ನೆನಪಿಡುವ ಶ್ರಮ, ಹೇಳುವ ಶ್ರಮ ಎಂದು ವಿಂಗಡಿಸಿ, ಒಂದಕ್ಕೆ ಹೆಚ್ಚು ಹೋದರೆ ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ ಎಂದು ತೋರಿಸಿದರು. ಇದೆಲ್ಲ ಸಮ್ಮೇಳನದ ಗೂಡಿನೊಳಗಿನ ಲೆಕ್ಕ.

ಗೂಡಿನಿಂದ ಹೊರಗೆ ಕಾಲಿಟ್ಟವರು ಬೇರೆ ಇದ್ದಾರೆ. ಕೆನಡಾದ ಬ್ರಯನ್ ಹ್ಯಾರಿಸ್ 1970ರ ದಶಕದಲ್ಲೇ, ತರಬೇತಿ ಇಲ್ಲದ ಎರಡು ಭಾಷೆಯ ಮಕ್ಕಳು ಮನೆಯಲ್ಲಿ ಮಾಡುವ ಭಾಷಾಂತರವನ್ನು ‘ಸಹಜ ಅನುವಾದ’ ಎಂದು ಕರೆದು, ಸಂಶೋಧನೆ ಅಲ್ಲಿಂದ ಶುರುವಾಗಬೇಕು ಎಂದರು. ಸೂಸನ್ ಬರ್ಕ್-ಸೆಲಿಗ್ಸನ್ 1990ರ ಪುಸ್ತಕದಲ್ಲಿ ಅಮೆರಿಕದ ನ್ಯಾಯಾಲಯಗಳ ದುಭಾಷಿಗಳನ್ನು ಹಿಂಬಾಲಿಸಿದರು. 1992ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯಕ್ಕೆ ಸಿಸಿಲಿಯಾ ವಾಡೆನ್ಶೊ ಒಪ್ಪಿಸಿದ ಪ್ರಬಂಧ, ವಲಸಿಗರು ಆಸ್ಪತ್ರೆಯಲ್ಲಿ, ಪೊಲೀಸರ ಎದುರು ದುಭಾಷಿಯ ಮೂಲಕ ಆಡಿದ ಮಾತಿನ ಧ್ವನಿಮುದ್ರಣಗಳನ್ನು ಸಾಲು ಸಾಲಾಗಿ ಓದಿತು. ದುಭಾಷಿ ಮಾತನ್ನು ದಾಟಿಸುವುದಷ್ಟೇ ಅಲ್ಲ, ಯಾರು ಯಾವಾಗ ಮಾತಾಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೂ ಅವನೇ ನಡೆಸುತ್ತಾನೆ ಎಂಬುದು ಅಲ್ಲಿ ಸಿಕ್ಕ ಫಲ. ಹಾವೇರಿಯವನಿಗೆ ಉಪಯೋಗಕ್ಕೆ ಬರುವ ಒಂದೇ ಪುಸ್ತಕ ಆರಿಸಬೇಕೆಂದರೆ ನಾನು ವಾಡೆನ್ಶೊ ಅವರದನ್ನು ಆರಿಸುತ್ತೇನೆ.

ಆದರೆ ಸ್ವೀಡನ್ನಿನ ದುಭಾಷಿ ನೇಮಕಗೊಂಡವನು, ಸಂಬಳ ಪಡೆಯುವವನು, ಇಬ್ಬರಿಗೂ ಅಪರಿಚಿತ. ನಮ್ಮಲ್ಲಿ ಹಾಗಿಲ್ಲ. ಬ್ಯಾಡಗಿಯಲ್ಲಿ ಅವನು ದಲಾಲನ ಗುಮಾಸ್ತ, ಮಾರಾಟ ಆದರೆ ಅವನ ಅಂಗಡಿಗೆ ಲಾಭ. ಆಸ್ಪತ್ರೆಯಲ್ಲಿ ಅವನು ಮೊಮ್ಮಗ. ಠಾಣೆಯಲ್ಲಿ ಅವನೇ ಪೇದೆ. ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲದಲ್ಲಿ ಅವನು ಕಂಪನಿಯ ಆರ್ಗನೈಸರ್. ಉತ್ತರ ಕರ್ನಾಟಕದಲ್ಲಿ ಹೊಸಬರು ಎದುರಾದಾಗ ಕೇಳುವ ಮೊದಲ ಪ್ರಶ್ನೆಯೇ ‘ಯಾರ ಕಡೆಯವರ್ರಿ ನೀವು?’ ದುಭಾಷಿತನದ ಕನ್ನಡ ಪಿಎಚ್.ಡಿ. ಕೇಳಬೇಕಾದದ್ದೂ ಇದನ್ನೇ. ಎಷ್ಟು ನಿಖರವಾಗಿ ಹೇಳಿದ ಎಂಬುದು ಎರಡನೆಯದು.

ಇತಿಹಾಸವೂ ಇದನ್ನೇ ಹೇಳುತ್ತದೆ. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡುಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೈ ದೊಡ್ಡ ವ್ಯಾಪಾರಿಯೂ ಹೌದು. ಅವನ ದಿನಚರಿ ಓದಿದರೆ ಮಾತು ಎಲ್ಲಿ ಮುಗಿಯಿತು, ವ್ಯವಹಾರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಮೈಸೂರು ಸೀಮೆಯ ಸರ್ವೇಕ್ಷಣೆಗೆ ಇಳಿದ ಕಾಲಿನ್ ಮೆಕೆಂಜಿಯ ಬೆನ್ನ ಹಿಂದೆ ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರಿದ್ದರು. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಬನವಾಸಿ, ಹರಿಹರಗಳನ್ನು ಹಾದುಹೋದ. ಈಗಿನ ಹಾವೇರಿ ಜಿಲ್ಲೆಯ ಅಂಚಿನಲ್ಲೇ ರೈತರನ್ನು ನಿಲ್ಲಿಸಿ ಬೆಳೆ, ಬಾಡಿಗೆ, ಜಾತಿ, ದೇವರು ಎಲ್ಲವನ್ನೂ ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ನಾವು ಇಂದಿಗೂ ಅದನ್ನು ಉಲ್ಲೇಖಿಸುತ್ತೇವೆ. ಕನ್ನಡ ಬಾರದ ಆ ವೈದ್ಯನಿಗೆ ರೈತ ಹೇಳಿದ್ದು ಯಾರ ಬಾಯಿಂದ ತಲುಪಿತು, ದಾರಿಯಲ್ಲಿ ಏನು ಉದುರಿತು? ಆ ನಡುವಿನವನ ದನಿ ಮೂರು ಸಂಪುಟಗಳಲ್ಲಿ ಸಿಗುವುದು ಅಪರೂಪ. ಹಳೆಯ ಪ್ರವಾಸ ಕಥನಗಳನ್ನು ದುಭಾಷಿಯ ಜಾಡು ಹಿಡಿದು ಓದುವುದೇ ಒಂದು ಇಡೀ ಪ್ರಬಂಧಕ್ಕೆ ಸಾಕಾಗುವ ಕೆಲಸ. ಅದಕ್ಕೆ ರೆಕಾರ್ಡರ್ ಬೇಡ, ಯಾರ ಅನುಮತಿಯೂ ಬೇಡ.

1818ರಲ್ಲಿ ಪೇಶ್ವೆ ಸೋತ ಮೇಲೆ ಈ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿತು. ಇಂಗ್ಲಿಷರು ಇದನ್ನು ಕರೆದದ್ದೇ ‘ದಕ್ಷಿಣ ಮರಾಠಾ ದೇಶ’ ಎಂದು. ಕಚೇರಿಯ ಮಾತು ಮರಾಠಿ, ದಫ್ತರದ ಲಿಪಿ ಮೋಡಿ, ಹೊಲದ ಮಾತು ಕನ್ನಡ. ರೈತನಿಗೂ ಮಾಮಲೇದಾರನಿಗೂ ನಡುವೆ ಇದ್ದವನು ಕುಲಕರ್ಣಿ. ಅವನು ಮೋಡಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಾಗ, ಹೇಳಿದ್ದೇ ಬರೆದಿದೆಯೇ ಎಂದು ಪರೀಕ್ಷಿಸಲು ರೈತನಿಗೆ ದಾರಿ ಇರಲಿಲ್ಲ. ಮುಂದೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಚೆನ್ನಬಸಪ್ಪನವರು ಹಳ್ಳಿ ಹಳ್ಳಿಗೆ ಕನ್ನಡ ಶಾಲೆ ತರಲು ಒದ್ದಾಡಿದ್ದನ್ನು ನಾವು ನಾಡುನುಡಿಯ ಅಭಿಮಾನದ ಕಥೆಯಾಗಿ ಹೇಳುತ್ತೇವೆ. ದುಭಾಷಿಯ ಹಂಗು ತಪ್ಪಿಸುವ ಕಥೆಯಾಗಿಯೂ ಅದನ್ನು ಹೇಳಬಹುದು.

ಈಗ ನ್ಯಾಯಾಲಯ. ಈ ವಿಷಯದಲ್ಲಿ ಕಾನೂನು ನಾವಂದುಕೊಂಡದ್ದಕ್ಕಿಂತ ಹೆಚ್ಚು ಮಾತಾಡಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಬಂದರೆ, ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಹೇಳಬೇಕು ಎಂದಿತ್ತು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು. ದುಭಾಷಿ ನಿಜವಾದ ಅರ್ಥವನ್ನೇ ಹೇಳಲು ಬದ್ಧ ಎಂದಿತ್ತು 282ನೇದು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಎರಡೂ ಮುಂದುವರಿದಿವೆ. ನಿಜ ಹೇಳಬೇಕು ಎಂದಿದೆ ಸರಿ. ಅವನು ಯಾರಾಗಿರಬೇಕು, ಏನು ಕಲಿತಿರಬೇಕು ಎಂಬುದಿಲ್ಲ.

ಮಾತು ಬಾರದ ಸಾಕ್ಷಿಗಳ ವಿಷಯದಲ್ಲಿ 2013ರ ಕ್ರಿಮಿನಲ್ ಕಾನೂನು ತಿದ್ದುಪಡಿ ಒಂದು ಹೆಜ್ಜೆ ಮುಂದೆ ಹೋಯಿತು: ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಹೇಳಿಕೆಯ ವಿಡಿಯೊ ಚಿತ್ರೀಕರಣ ಆಗಲೇಬೇಕು. ಸಂಶೋಧಕನ ಕಣ್ಣಿಗೆ ಇದು ದೊಡ್ಡ ಸಂಗತಿ. ದುಭಾಷಿಯ ಕೆಲಸ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಸಾಯುತ್ತದೆ. ಕಾನೂನೇ ಅದನ್ನು ಉಳಿಸಿಡು ಎಂದು ಹೇಳಿರುವ ಜಾಗ ಅಪರೂಪ. ಸಂಜ್ಞಾಭಾಷೆಯ ಕಡೆ ಗಾಳಿ ಈಚೆಗೆ ಇನ್ನಷ್ಟು ಬೀಸಿದೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಬೆಂಗಳೂರಿನ ಕಿವಿ ಕೇಳದ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸಂಜ್ಞಾ ದುಭಾಷಿಯ ಮೂಲಕ ವಾದ ನಡೆಸಿದರು. ನಮ್ಮಲ್ಲಿ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಎಂಬ ಏಣಿಯನ್ನು ಹತ್ತಿದವರು ಸಂಜ್ಞಾ ದುಭಾಷಿಗಳು. ಮಾತಿನ ಭಾಷೆಗಳವರು ಅವರಿಂದ ಕಲಿಯುವುದಿದೆ.

ಆದರೆ ಜಿಲ್ಲಾ ನ್ಯಾಯಾಲಯದಲ್ಲಿ ದಿನಾ ನಡೆಯುವ ದೊಡ್ಡ ದುಭಾಷಿತನ ಕನ್ನಡದಿಂದ ಕನ್ನಡಕ್ಕೆ. ಹಾನಗಲ್ಲಿನ ಹಳ್ಳಿಯ ಸಾಕ್ಷಿ ಕಟಕಟೆಯಲ್ಲಿ ನಿಂತು ‘ಅಂವಾ ಬಂದ್ನ್ರಿ, ಇಂವಂಗ ಒಂದ್ ಕೊಟ್ನ್ರಿ, ನಾ ಬಿಡ್ಸಾಕ ಹೋದ್ನಿ’ ಅನ್ನುತ್ತಾನೆ. ಬೆರಳಚ್ಚುಗಾರರ ಯಂತ್ರದಿಂದ ಹೊರಬರುವುದು ‘ಆರೋಪಿಯು ಸ್ಥಳಕ್ಕೆ ಬಂದು ಗಾಯಾಳುವಿಗೆ ಕೈಯಿಂದ ಹೊಡೆದಿದ್ದು, ನಾನು ಬಿಡಿಸಲು ಹೋಗಿರುತ್ತೇನೆ’ ಎಂಬ ಸಾಲು. ‘ಒಂದ್ ಕೊಟ್ನ್ರಿ’ ಎಂಬಲ್ಲಿ ಕೈ ಇತ್ತೇ, ಕೋಲಿತ್ತೇ? ಪಾಟೀಸವಾಲಿನಲ್ಲಿ ಇದೇ ಪ್ರಶ್ನೆ ಬಂದಾಗ ಸಾಕ್ಷಿ ತಾನು ಆಡದ ಮಾತಿಗೆ ಉತ್ತರ ಕೊಡಬೇಕು. ಪ್ರಕರಣ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ, ಅದೇ ಸಾಲು ಇಂಗ್ಲಿಷ್ ಆಗುತ್ತದೆ. ಹೀಗೆ ಒಂದು ಏಟು ಎರಡು ಸಲ ಮಾತು ಬದಲಿಸಿ ತೀರ್ಪಿನ ಹಾಳೆ ತಲುಪುತ್ತದೆ. ಹಾವೇರಿಯ ಕಟಕಟೆಯಿಂದ ಧಾರವಾಡದ ಪೀಠದವರೆಗೆ ಇಂಥ ಇಪ್ಪತ್ತು ಸಾಕ್ಷ್ಯಗಳ ಜಾಡು ಹಿಡಿದರೂ ಒಳ್ಳೆಯ ಪ್ರಬಂಧವಾಗುತ್ತದೆ. ನ್ಯಾಯಾಲಯದ ಒಪ್ಪಿಗೆ ಪಡೆಯುವುದೇ ಅರ್ಧ ಕೆಲಸ, ಅದನ್ನು ಮೊದಲೇ ತಿಳಿದಿರಬೇಕು.

ಆಸ್ಪತ್ರೆಯ ವಿಷಯ ಇನ್ನೂ ಸೂಕ್ಷ್ಮ. ಹಾವೇರಿಗೆ ಈಗ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಇಂಥ ಕಾಲೇಜುಗಳಲ್ಲಿ ನೂರಕ್ಕೆ ಹದಿನೈದು ಸೀಟು ಅಖಿಲ ಭಾರತ ಕೋಟಾದವು. ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದ ಹುಡುಗಿ ಇಲ್ಲಿಯ ರೋಗಿಯ ಹಾಸಿಗೆಯ ಬಳಿ ನಿಂತಾಗ ದುಭಾಷಿ ಬೇಕು ಎಂಬುದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದು. ಮೈಸೂರಿನ ಡಾಕ್ಟರಿಗೂ ದುಭಾಷಿ ಬೇಕು. ಅವರ ಕಿವಿಗೆ ‘ಜಡ್ಡು’ ಎಂದರೆ ಗಟ್ಟಿಯಾದ ಚರ್ಮ. ನಮ್ಮ ಅಜ್ಜಿಗೆ ‘ಜಡ್ಡು’ ಎಂದರೆ ಕಾಯಿಲೆ. ‘ಬ್ಯಾನಿ’, ‘ತ್ರಾಸ’, ‘ಕಣ್ಣಿಗೆ ಕತ್ತಲಿ ಬರೂದು’, ‘ಮೈಯಾಗ ನೆಟ್ಟಗಿಲ್ಲ’, ಇವನ್ನೆಲ್ಲ ನಡುವೆ ನಿಂತ ನರ್ಸಮ್ಮ ಬಿಡಿಸಿ ಹೇಳುತ್ತಾಳೆ. ಅವಳ ಹುದ್ದೆಯ ವಿವರಣೆಯಲ್ಲಿ ಆ ಕೆಲಸ ಇಲ್ಲ. ಅದಕ್ಕೆ ಪಗಾರವೂ ಇಲ್ಲ.

ಇನ್ನು ತಾಂಡಾದಿಂದ ಬಂದ ಮುದುಕಿ. ಅವಳ ಮಾತು ಗೋರಬೋಲಿ, ಅಂದರೆ ಲಂಬಾಣಿ. ಜೊತೆಗೆ ಬಂದ ಮೊಮ್ಮಗ ಎಂಟನೇ ಇಯತ್ತೆ. ಡಾಕ್ಟರ್ ಒಂದು ಪ್ರಶ್ನೆ ಕೇಳುತ್ತಾರೆ, ಅಜ್ಜಿ ಎರಡು ನಿಮಿಷ ಹೇಳುತ್ತಾಳೆ, ಹುಡುಗ ‘ಏನೂ ಇಲ್ಲಂತ್ರಿ’ ಅನ್ನುತ್ತಾನೆ. ಆ ಎರಡು ನಿಮಿಷದಲ್ಲಿ ಏನಿತ್ತು? ಹುಡುಗನ ಎದುರು ಹೇಳಲಾಗದ್ದು ಇತ್ತೇ? ಹುಡುಗ ಹೇಳಲು ನಾಚಿದ್ದೇ? ಡಾಕ್ಟರಿಗೆ ಬೇಕಿಲ್ಲ ಎಂದು ಅವನೇ ತೀರ್ಮಾನಿಸಿದ್ದೇ? ನಾನೂ ಚಿಕ್ಕವನಿದ್ದಾಗ ಅಜ್ಜಿಗೆ ಡಾಕ್ಟರ ಮಾತು ತಿಳಿಸಿ ಹೇಳಿದವನೇ. ಅವರು ಅಂದದ್ದು ಆಪರೇಷನ್ ಬೇಕಾಗಬಹುದು ಎಂದು. ನಾನು ಹೇಳಿದ್ದು ಗುಳಿಗೆ ಬದಲಿಸುತ್ತಾರಂತೆ ಎಂದು. ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲಿಲ್ಲ, ಅಜ್ಜಿಯ ಕಡೆ ನಿಂತೆ ಅನ್ನಿಸಿತ್ತು. ಬ್ರಯನ್ ಹ್ಯಾರಿಸ್ ಇದನ್ನು ಸಹಜ ಅನುವಾದ ಎನ್ನಬಹುದು. ಅದರ ಫಲ ಸಹಜವಾಗಿರಲಿಲ್ಲ ಎಂಬುದನ್ನೂ ಯಾರಾದರೂ ಬರೆಯಬೇಕು.

ಗೋರಬೋಲಿಯ ವಿಷಯದಲ್ಲಿ ಕಾಗದದ ಮೋಸವೂ ಒಂದಿದೆ. 2011ರ ಜನಗಣತಿ ಲಂಬಾಣಿ ಮಾತನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದೆ. ಆ ಲೆಕ್ಕವನ್ನೇ ನಂಬಿದವರು ತಾಂಡಾದ ಮುದುಕಿಗೆ ಹಿಂದಿ ದುಭಾಷಿಯನ್ನು ಕರೆದರೆ, ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ಕೂರಬೇಕಾಗುತ್ತದೆ. 2022ರಲ್ಲಿ ಕೇಂದ್ರ ಸರಕಾರ ತಂದ ಭಾಷಿಣಿಯಂಥ ಭಾಷಾಂತರ ಯಂತ್ರಗಳನ್ನು ಕಟ್ಟಿರುವುದೂ ಮುಖ್ಯವಾಗಿ ಎಂಟನೇ ಅನುಸೂಚಿಯ 22 ಭಾಷೆಗಳ ಸುತ್ತ. ಲಂಬಾಣಿ ಆ ಅನುಸೂಚಿಯಲ್ಲಿಲ್ಲ. ದುಭಾಷಿಯ ಕೆಲಸವನ್ನು ಇನ್ನು ಮೊಬೈಲೇ ಮಾಡುತ್ತದೆ, ಪಿಎಚ್.ಡಿ. ಯಾಕೆ ಎಂದು ಕೇಳುವವರಿಗೆ ಸದ್ಯಕ್ಕೆ ಇಷ್ಟು ಉತ್ತರ ಸಾಕು.

ರಾಣೆಬೆನ್ನೂರಿನ ಬೀಜದ ಹೊಲಗಳದು ಚಿಕ್ಕ ಕಥೆ, ಆದರೆ ಚುರುಕಾದದ್ದು. ಹೈಬ್ರಿಡ್ ಹತ್ತಿ, ತರಕಾರಿ ಬೀಜಗಳ ಕಂಪನಿಗಳ ಕರಾರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಆರ್ಗನೈಸರ್ ಅದನ್ನು ಹೊಲದ ಬದುವಿನ ಮೇಲೆ ನಿಂತು ಕನ್ನಡದಲ್ಲಿ ಹೇಳುತ್ತಾನೆ, ರೈತ ಸಹಿ ಹಾಕುತ್ತಾನೆ. ಮೊಳಕೆ ಪರೀಕ್ಷೆಯಲ್ಲಿ ಫೇಲಾದರೆ ಏನು ಎಂಬ ಕಲಮು ಬಂದಾಗ ಆರ್ಗನೈಸರನ ದನಿ ಏರುತ್ತದೆಯೋ ಇಳಿಯುತ್ತದೆಯೋ, ಅಥವಾ ಆ ಕಲಮು ಬರುವುದೇ ಇಲ್ಲವೋ? ಬರೆದದ್ದನ್ನು ನೋಡುತ್ತಲೇ ಇನ್ನೊಂದು ಭಾಷೆಯಲ್ಲಿ ಹೇಳುವುದನ್ನು ಪಶ್ಚಿಮದ ತರಬೇತಿ ಶಾಲೆಗಳಲ್ಲಿ ಬೇರೆಯದೇ ಕಸುಬಾಗಿ ಕಲಿಸುತ್ತಾರೆ. ಇಲ್ಲಿ ಕರಾರಿನ ಪ್ರತಿಯೂ ಸಿಗುತ್ತದೆ, ಹೇಳಿದವನೂ ಕೇಳಿದವನೂ ಸಿಗುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು.

ಬ್ಯಾಡಗಿಗೆ ಮತ್ತೆ ಬರುತ್ತೇನೆ, ಏಕೆಂದರೆ ಸಂಶೋಧಕರ ಕಾಲು ಮೊದಲು ಎಳೆಯುವುದು ಅಲ್ಲಿಗೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ, ಡಬ್ಬಿ, ಕಡ್ಡಿ ಎಂಬ ಬಗೆಗಳು, ಹತ್ತು ಕಡೆಯ ಜನ, ಬಣ್ಣ ಬಣ್ಣದ ಫೋಟೊ. 2024ರ ಮಾರ್ಚ್ 11ರಂದು ಬೆಲೆ ಕುಸಿದು ರೈತರು ರೊಚ್ಚಿಗೆದ್ದು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ನೆನೆದು, ಭಾಷೆ ತಿಳಿಯದೆ ಹೀಗಾಯಿತು ಎಂದು ಪ್ರಬಂಧ ಹೊಸೆಯುವ ಆಸೆಯೂ ಹುಟ್ಟೀತು. ಅದು ಬೆಲೆಯ ಸಿಟ್ಟು, ಭಾಷೆಯ ಸಿಟ್ಟಲ್ಲ. ಈಗಂತೂ ದರ ಕೂಗುವುದಿಲ್ಲ, ಆನ್‌ಲೈನ್ ಟೆಂಡರಿನಲ್ಲಿ ಬರುತ್ತದೆ. ದುಭಾಷಿಯ ಕೆಲಸ ದರ ಬಂದ ಮೇಲೆ, ಅದನ್ನು ಒಪ್ಪಿಸುವ ಹೊತ್ತಿನಲ್ಲಿ ಇದೆ. ಆ ಹೊತ್ತಿನಲ್ಲಿ ರೆಕಾರ್ಡರ್ ಹಿಡಿದು ನಿಲ್ಲಲು ಯಾವ ಅಂಗಡಿಯೂ ಬಿಡದು. ಜಾತ್ರೆಯ ದನದ ವ್ಯಾಪಾರದಲ್ಲಿ ಟವೆಲಿನ ಅಡಿ ಬೆರಳು ಹಿಡಿದು ದರ ಹೇಳುತ್ತಿದ್ದವರ ಮೊಮ್ಮಕ್ಕಳು ಇವರು. ಹಾಗಾಗಿ ಹೊಸ ಸಂಶೋಧಕರಿಗೆ ನನ್ನ ಸಲಹೆ, ಮೆಣಸಿನಕಾಯಿಯನ್ನು ಎರಡನೆಯ ಪುಸ್ತಕಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಯಾವ ಬಾಗಿಲು ತಟ್ಟಬೇಕು? ಯುಜಿಸಿಯ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮಹಿಳೆಯರಿಗೆ ಮತ್ತೆರಡು ವರ್ಷದ ರಿಯಾಯಿತಿ. ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಪ್ರಬಂಧ ಒಪ್ಪಿಸುವ ಮೊದಲು ಲೇಖನ ಅಚ್ಚಾಗಲೇಬೇಕೆಂಬ ಕಡ್ಡಾಯ ಹೋಗಿದೆ, ಒಳ್ಳೆಯದೇ ಆಯಿತು. 2024ರ ಜೂನ್‌ನಿಂದ ನೆಟ್ ಅಂಕಗಳನ್ನು ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ತೊಡಕು ಇರುವುದು ವಿಷಯಗಳ ಪಟ್ಟಿಯಲ್ಲಿ. ನೆಟ್‌ನಲ್ಲಿ ಕನ್ನಡವಿದೆ, ಭಾಷಾವಿಜ್ಞಾನವಿದೆ, ಜನಪದ ಸಾಹಿತ್ಯವಿದೆ. ಭಾಷಾಂತರ ಅಧ್ಯಯನವಿಲ್ಲ, ದುಭಾಷಿತನದ ಮಾತಂತೂ ದೂರ. ಅಂದರೆ ಒಂದು ವಿಷಯದಲ್ಲಿ ಪರೀಕ್ಷೆ ಬರೆದು ಇನ್ನೊಂದರಲ್ಲಿ ಸಂಶೋಧನೆ ಮಾಡಬೇಕು, ಮತ್ತೆ ಕೆಲಸ ಕೇಳುವಾಗ ಮೊದಲಿನದಕ್ಕೇ ಮರಳಬೇಕು.

ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನ ವಿಭಾಗವಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಭಾಷಾಂತರಕ್ಕೆ ಒಂದು ಕೇಂದ್ರವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ, ರಾಷ್ಟ್ರೀಯ ಅನುವಾದ ಮಿಷನ್ನೂ ಅಲ್ಲೇ. ಇವೆಲ್ಲ ಕಡೆ ಅನುವಾದ ಎಂದರೆ ಹೆಚ್ಚಿನ ಮಟ್ಟಿಗೆ ಪುಸ್ತಕ. ಕಾದಂಬರಿಯ ಎರಡು ಅನುವಾದಗಳ ತೌಲನಿಕ ಅಧ್ಯಯನ ಎಂಬ ಶೀರ್ಷಿಕೆಯ ಪ್ರಬಂಧಗಳಿಗೆ ನಮ್ಮಲ್ಲಿ ಬರವಿಲ್ಲ. ಕಾದಂಬರಿ ಕಪಾಟಿನಲ್ಲಿ ಕದಲದೆ ಕೂತಿರುತ್ತದೆ, ಸಂಶೋಧಕ ಬರುವ ತನಕ ಕಾಯುತ್ತದೆ. ದುಭಾಷಿ ಕಾಯುವುದಿಲ್ಲ.

ಹಾವೇರಿಯಲ್ಲೇ ವಿಶ್ವವಿದ್ಯಾಲಯ ಇದೆಯಲ್ಲ ಎನ್ನಬಹುದು. ಇದೆ. 2023ರಲ್ಲಿ ಉದ್ಘಾಟನೆಯಾಯಿತು, 2025ರ ಆರಂಭದಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಹೇಳಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದಾಯಿತು. ಆರು ವರ್ಷದ ಕೆಲಸಕ್ಕೆ ಹೆಸರು ನೋಂದಾಯಿಸುವವರು ತಮ್ಮ ಪ್ರಮಾಣಪತ್ರದ ಮೇಲೆ ಯಾವ ಹೆಸರಿರುತ್ತದೆ ಎಂದು ಯೋಚಿಸಬೇಕಾದ ಸ್ಥಿತಿ ಯಾರಿಗೂ ಬರಬಾರದು.

ನನ್ನ ಬೆರಳು ತೋರುವುದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಕಡೆಗೆ. ಅಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ದುಭಾಷಿತನಕ್ಕೂ ಜಾನಪದಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಮುಗಿಯುವ ಮಾತನ್ನು ಹಿಡಿಯುವುದು ಹೇಗೆ, ಹೇಳಿದವರು ಯಾರು, ಕೇಳಿದವರು ಯಾರು, ಯಾವ ಹೊತ್ತು, ಯಾಕೆ ಆ ಪದ ಬಿಟ್ಟರು ಎಂಬುದನ್ನೆಲ್ಲ ಬರೆದಿಡುವುದು ಹೇಗೆ ಎಂಬ ವಿದ್ಯೆಯನ್ನು ನಮ್ಮಲ್ಲಿ ಕಲಿತವರು ಜಾನಪದದವರೇ. ಸಾಹಿತ್ಯದ ಅನುವಾದ ವಿಭಾಗಕ್ಕಿಂತ ಅವರ ಕೈಚೀಲದಲ್ಲಿ ದುಭಾಷಿಯ ಸಂಶೋಧನೆಗೆ ಬೇಕಾದ ಉಪಕರಣಗಳು ಹೆಚ್ಚಿವೆ. ಒಂದು ವ್ಯತ್ಯಾಸ ಮರೆಯಬಾರದು. ಲಾವಣಿ ಹಾಡುವವರು ಕೇಳಿಸಲೆಂದೇ ಹಾಡುತ್ತಾರೆ. ಆಸ್ಪತ್ರೆಯ ಅಜ್ಜಿ ತನ್ನ ನೋವು ಹೇಳುವುದು ಸಂಶೋಧಕನಿಗೆ ಕೇಳಿಸಲೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ, ಸಮಿತಿಯ ಅನುಮತಿ, ರೋಗಿಯ ಒಪ್ಪಿಗೆ ಎಲ್ಲವೂ ಬೇಕು. ಆ ಒಪ್ಪಿಗೆಯನ್ನು ಅವಳ ಭಾಷೆಯಲ್ಲಿ ಕೇಳಬೇಕು, ಅಂದರೆ ಅದಕ್ಕೂ ಒಬ್ಬ ದುಭಾಷಿ ಬೇಕು. ಅವನು ಆ ಮೊಮ್ಮಗನೇ ಆಗಿದ್ದರೆ?

ಬರಹಕ್ಕಿಳಿಸುವ ಕೆಲಸದ ಬಗ್ಗೆ ಎರಡು ಮಾತು. ಇಬ್ಬರು ಒಟ್ಟಿಗೆ ಮಾತಾಡುತ್ತಾರೆ, ನಡುವಿನವ ಕೆಮ್ಮುತ್ತಾನೆ, ಕೂಸು ಅಳುತ್ತದೆ. ಒಂದು ನಿಮಿಷದ ಧ್ವನಿಯನ್ನು ತಡೆ, ಉಸಿರು, ಮೌನ ಸಹಿತ ಬರೆಯಲು ಅರ್ಧ ಗಂಟೆಯೂ ಸಾಲದು. ಹಾವೇರಿ ಕನ್ನಡವನ್ನು ಪುಸ್ತಕದ ಕಾಗುಣಿತಕ್ಕೆ ತಿದ್ದಿ ಬರೆದರಂತೂ ಕೋರ್ಟಿನ ಬೆರಳಚ್ಚುಗಾರರು ಮಾಡಿದ್ದನ್ನೇ ನೀವೂ ಮಾಡಿದಂತೆ. ಪ್ರಬಂಧವನ್ನು ಕನ್ನಡದಲ್ಲೇ ಬರೆಯಿರಿ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ. ‘ಕೊಟ್ನ್ರಿ’ ಮತ್ತು ‘ಹೊಡೆದಿದ್ದು’ ಎಂಬುದರ ನಡುವಿನ ಅಂತರವನ್ನು ಇಂಗ್ಲಿಷಿನ ಪ್ರಬಂಧದಲ್ಲಿ ತೋರಿಸಲು ಹೋದರೆ ಎರಡೂ ಒಂದೇ ಆಗಿ ಕೂರುತ್ತವೆ.

ಕೆಲಸ ಸಿಗುತ್ತದೆಯೇ? ಜಿಲ್ಲೆಯಲ್ಲಿ ದುಭಾಷಿ ಎಂಬ ಹುದ್ದೆ ಇಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಇಂದು ಸಂಸತ್ತಿನಲ್ಲಿ ಕನ್ನಡಕ್ಕೆ ದುಭಾಷಿಗಳಿದ್ದಾರೆ, ಆದರೆ ಅಲ್ಲಿರುವುದು ಬೆರಳೆಣಿಕೆಯ ಕುರ್ಚಿ. ಕೆಲಸಕ್ಕೆಂದೇ ಪಿಎಚ್.ಡಿ. ಮಾಡುವವರು ಇತ್ತ ಬರದಿರುವುದು ಮೇಲು. ಹುದ್ದೆಯೇ ಹುಟ್ಟಬೇಕು ಎನ್ನುವವರಿಗೆ ಕೈಯಲ್ಲಿ ಹಿಡಿಯಲು ಒಂದು ಪುರಾವೆ ಬೇಕು. ಅಂಥ ಪುರಾವೆ ಇಂಥ ಪ್ರಬಂಧಗಳಿಂದಲೇ ಬರಬೇಕು.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ಒಂದು ವಿಳಾಸ ಕೊಡುತ್ತೇನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆಗೆ ಇರುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ, ಅನುವಾದಕರ ಹೆಸರಿನ ಒಂದು ವಹಿ ಇಡಬೇಕು. ಅವರಿಗೆ ಪದವಿಯೇ ಬೇಕೆಂದಿಲ್ಲ. ಆ ಭಾಷೆ ಅವರ ಮನೆಮಾತಾಗಿದ್ದರೂ ಸಾಕು, ಆ ಭಾಷೆ ಆಡುವ ಕಡೆ ವಾಸವಿದ್ದು ಕಲಿತಿದ್ದರೂ ಸಾಕು. ಆದರೆ ಅವರು ಯಾರ ಕಡೆಯವರೂ ಆಗಿರಬಾರದು, ಆಗಿದ್ದರೆ ಮೊದಲೇ ಹೇಳಬೇಕು. ಹಾವೇರಿಯ ಘಟಕಕ್ಕೆ ಹೋಗಿ, ಇಲ್ಲವೇ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಹೆಸರುಗಳು ಬೇಡ, ಭಾಷೆಗಳ ಪಟ್ಟಿ ಮಾತ್ರ ಕೇಳಿ: ವಹಿಯಲ್ಲಿ ಉರ್ದು ಇದೆಯೇ, ತೆಲುಗು ಇದೆಯೇ, ಲಂಬಾಣಿ ಇದೆಯೇ, ಸಂಜ್ಞಾಭಾಷೆ ಇದೆಯೇ. ಬಂದ ಉತ್ತರವನ್ನು ಪ್ರಬಂಧದ ಮೊದಲ ಪುಟಕ್ಕೆ ಅಂಟಿಸಿ.